ಕ್ಲಚ್ಚಿಲ್ಲದ ಕಾರು ಬೆಟ್ಟ ಹತ್ತಿದ್ದು

ತೊಂಬತ್ತಾರನೆಯ ಇಸವಿ, ಮಾಘ ಮಾಸದ ಒಂದು ಗುರುವಾರ, ಬೆಳಗಿನ ಐದೂವರೆ ಗಂಟೆ. ಸ್ಥಳ, ಕೊಳ್ಳೇಗಾಲದಲ್ಲಿ ನನ್ನ ಅತ್ತೆಯವರ ಮನೆಯ ಹಿಂದಿನ ಷೆಡ್ಡು. ಹಾಜರಿದ್ದವರು ಅತ್ತೆ ಪುಟ್ಟಮಾದಮ್ಮನವರು, ಅವರ ಮಗನೂ ನನ್ನ ಭಾವಮೈದುನನೂ ಆದ ಮಾದೇಶ, ಹನೂರಿನ ಮೆಕ್ಯಾನಿಕ್ ಪಳನಿ, ಮತ್ತು ನಾನು. ಹಾಜರಿಗೆ ಕಾರನ್ನೂ ಸೇರಿಸಬೇಕು. ಅಂದು ವಿಚಾರಣೆಗೆ ನಿಂತಿದ್ದುದು ಅದೇ.

ದಿನ, ಗಂಟೆ, ಹಾಜರಿ ಇಲ್ಲದೆ ಯಾವುದನ್ನೂ ಶುರು ಮಾಡಲಾಗದವನು ನಾನು. ಕೆಲಸ ಮಾಡಿದ್ದು ರೇಷ್ಮೆ ಬಿತ್ತನೆ ಕೋಠಿಯಲ್ಲಿ. ರೋಗವಿಲ್ಲದ ಮೊಟ್ಟೆಯನ್ನು ರೈತರಿಗೆ ಒದಗಿಸುವ ಜಾಗ ಅದು. ಒಳಗೆ ಹೋಗುವ ಮುನ್ನ ಕಾಲನ್ನು ಔಷಧಿ ನೀರಿನಲ್ಲಿ ಅದ್ದಬೇಕು, ಕೈ ತೊಳೆಯಬೇಕು, ಗೋಡೆಯ ಥರ್ಮಾಮೀಟರ್ ನೋಡಬೇಕು. ಶಾಖ ಸ್ವಲ್ಪ ಏರಿದರೂ ಹುಳು ಸೊಪ್ಪು ಬಿಟ್ಟು ಸುಮ್ಮನೆ ಕೂತುಬಿಡುತ್ತದೆ. ಈ ಶಿಸ್ತು ನನ್ನ ಜೊತೆ ಮನೆಗೂ ಬಂದು, ಮದುವೆಯ ಹೊಸತರಲ್ಲಿ ನನ್ನ ಹೆಂಡತಿ, ತಾನೇನು ಹುಳುವೇ ಎಂದು ಕೇಳಿದ್ದುಂಟು. ಮೊನ್ನೆ ಅವಳು ಬೋಂಡ ಕರಿದಿಟ್ಟ ಬಾಣಲೆಯ ಮೇಲೆ ನಾನು ಮೂಗು ಬಾಗಿಸಿ ನಿಂತಿದ್ದೆ. ಎಣ್ಣೆ ಸೀದಿದೆಯೇ ಎಂದು ಮೂಸುತ್ತಿದ್ದೆ. ಅವಳು ಸೌಟು ಹಿಡಿದುಕೊಂಡೇ ನಕ್ಕಳು. ಆ ಚಾಳಿ ಮಾತ್ರ ಬಿತ್ತನೆ ಕೋಠಿಯದಲ್ಲ, ಅವಳ ತಮ್ಮನ ಕಾರಿನದು. ಅದಕ್ಕೇ ಈ ಮಾತೆಲ್ಲ.

ಮಾದೇಶನಿಗೆ ವೇಗದ ಹುಚ್ಚು. ಎಂಬತ್ತರ ದಶಕದಲ್ಲಿ ಒಂದು ಹಳೆಯ ವಿಲಾಯಿತಿ ಕಾರು ತಂದು ಅದರ ಎಂಜಿನ್ನಿಗೆ ದೊಡ್ಡ ಪಿಸ್ಟನ್ನು, ಜೋಡಿ ಕಾರ್ಬುರೇಟರು, ಮುಂಗೈ ದಪ್ಪದ ಸೈಲೆನ್ಸರ್ ಪೈಪು ಹಾಕಿಸಿದ್ದ. ಮದ್ರಾಸಿನ ಕಡೆ ನಡೆಯುತ್ತಿದ್ದ ಪಂದ್ಯಗಳಿಗೂ ಹೋಗಿ ಬಂದಿದ್ದ. ಯಳಂದೂರಿನ ದಿಕ್ಕಿನಿಂದ ಅವನು ಬರುವಾಗ ಕಾರಿಗಿಂತ ಬಹಳ ಮುಂಚೆ ಸದ್ದು ಮನೆಗೆ ಬರುತ್ತಿತ್ತು. ಅದನ್ನು ಕೇಳಿ ಅತ್ತೆ ಮುದ್ದೆಗೆ ಎಸರಿಡುತ್ತಿದ್ದರು. ನೀರು ಕುದಿಯುವುದರೊಳಗೆ ಮಗ ಬಾಗಿಲಲ್ಲಿ ಇರುತ್ತಿದ್ದ.

ಅವನ ಎಡಗಾಲು ಪಂದ್ಯದಲ್ಲಿ ಹೋಗಲಿಲ್ಲ. ಹೊನ್ನೂರಿನ ಹತ್ತಿರ ರಸ್ತೆ ಬದಿಯಲ್ಲಿ ನಿಂತು ಸ್ನೇಹಿತನೊಡನೆ ಮಾತಾಡುತ್ತಿದ್ದಾಗ, ಕಬ್ಬು ತುಂಬಿದ ಟ್ರೇಲರೊಂದು ಹಿಂದಕ್ಕೆ ಜಾರಿತು. ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಓಡುವಾಗ ಏನೂ ಆಗದವನಿಗೆ ನಿಂತಾಗ ಆಯಿತು. ಕೃತಕ ಕಾಲು ಹಾಕಿಸಿಕೊಂಡು ನಡೆಯುವುದನ್ನು ಬೇಗ ಕಲಿತ. ಆದರೆ ಕ್ಲಚ್ ತುಳಿಯಲು ಆಗಲಿಲ್ಲ. ಪೆಡಲು ಎಲ್ಲಿದೆ, ಎಷ್ಟು ಒತ್ತಿದೆ ಎಂಬುದು ಆ ಕಾಲಿಗೆ ತಿಳಿಯುತ್ತಿರಲಿಲ್ಲ. ಕಾರು ಷೆಡ್ಡಿನಲ್ಲಿ ನಿಂತಿತು. ಅವನು ಷೆಡ್ಡಿನ ಬಾಗಿಲಲ್ಲಿ ಕೂತ. ಸೈಲೆನ್ಸರ್ ಪೈಪಿನಲ್ಲಿ ಕೋಳಿ ಮೊಟ್ಟೆ ಇಟ್ಟದ್ದನ್ನು ನಾನೇ ಕಂಡಿದ್ದೇನೆ.

ಕ್ಲಚ್ಚೇ ಇಲ್ಲದ ಗೇರ್ ಬಾಕ್ಸ್ ಒಂದಿದೆ ಎಂಬ ಸುದ್ದಿ ತಂದವನು ಪಳನಿ. ಮನೆಮಾತು ತಮಿಳು, ಬಾಯಿಮಾತು ಕನ್ನಡ, ಕೈಮಾತು ಸ್ಪ್ಯಾನರು. ಕೊಯಮತ್ತೂರಿನ ಗುಜರಿಯಲ್ಲಿ ಒಂದು ಆಟೋಮ್ಯಾಟಿಕ್ ಗೇರ್ ಬಾಕ್ಸ್ ಬಿದ್ದಿತ್ತು. ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆವು. ಚಾಮರಾಜನಗರ ದಾಟುವಾಗ ಎದುರು ಸೀಟಿನ ಮುದುಕಿಯೊಬ್ಬರು, ಯಾವ ಊರಿನ ಗುಡಿಗೆ ಓಯ್ತಾ ಅದೆ ದೇವ್ರು ಎಂದು ವಿಚಾರಿಸಿದರು. ಪಳನಿ ಸಂಕೋಚವಿಲ್ಲದೆ ಕೊಳ್ಳೇಗಾಲಕ್ಕೆ ಎಂದ. ಅವರು ಗೋಣಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಅವರು ತಪ್ಪು ಮಾಡಲಿಲ್ಲವೆಂದು ಅದನ್ನು ಬಿಚ್ಚಿದ ದಿನ ನನಗನಿಸಿತು. ಮುಂದಿನ ಡಬ್ಬಿಯಲ್ಲಿ ಎರಡು ಚಕ್ರಗಳು ಎದುರುಬದುರು, ಒಂದನ್ನೊಂದು ಮುಟ್ಟದೆ, ಎಣ್ಣೆಯಲ್ಲಿ ಮುಳುಗಿವೆ. ಎಂಜಿನ್ ಒಂದನ್ನು ತಿರುಗಿಸಿದರೆ ಎಣ್ಣೆಯೇ ಇನ್ನೊಂದನ್ನು ತಿರುಗಿಸುತ್ತದೆ. ಅಡಿಯಲ್ಲಿ ಒಂದು ಲೋಹದ ಹಲಗೆ. ಅದರ ತುಂಬ ಹುತ್ತದೊಳಗಿನ ದಾರಿಗಳಂಥ ಕಾಲುವೆಗಳು, ಕಾಲುವೆಗಳಲ್ಲಿ ಕಿರುಬೆರಳಿಗಿಂತ ಸಣ್ಣ ಕವಾಟಗಳು. ಎಣ್ಣೆಯ ಒತ್ತಡ ಈ ದಾರಿ ಹಿಡಿದರೆ ಮೊದಲ ಗೇರು, ಆ ದಾರಿ ಹಿಡಿದರೆ ಎರಡನೆಯದು. ತಂತಿಯಿಲ್ಲ, ಕರೆಂಟಿಲ್ಲ. ಏರು ಬಂತೆಂದು ಅದಕ್ಕೆ ಯಾರೂ ಹೇಳುವುದಿಲ್ಲ. ಗೂಡು ಕಟ್ಟುವ ಹುಳುವಿನ ಮುಂದೆ ಎಷ್ಟು ಹೊತ್ತು ಬಾಯಿ ತೆರೆದು ನಿಂತಿದ್ದೆನೋ ಅಷ್ಟೇ ಹೊತ್ತು ಇದರ ಮುಂದೆಯೂ ನಿಂತೆ. ನನ್ನ ಅಪ್ಪನ ಎತ್ತುಗಳು ನೆನಪಾದವು. ಹೊನ್ನೂರಿನಲ್ಲಿ ಭತ್ತದ ಗಾಡಿ ಕೆರೆ ಏರಿ ಹತ್ತುವಾಗ ಅಪ್ಪ ಚಾವಟಿ ಎತ್ತುತ್ತಿರಲಿಲ್ಲ, ಬಾಯಿಯನ್ನೂ ಬಿಡುತ್ತಿರಲಿಲ್ಲ. ಏರು ಕಾಲಿಗೆ ತಗುಲಿದ ಕೂಡಲೇ ಎರಡೂ ಎತ್ತು ತಲೆ ತಗ್ಗಿಸಿ ಹೆಜ್ಜೆ ಗಿಡ್ಡ ಮಾಡುತ್ತಿದ್ದವು. ಮೇಲೆ ಬಂದ ಮೇಲೆ ಉದ್ದ. ಹುಲ್ಲಿನ ಮೇಲೆ ಅಂಗಾತ ಮಲಗಿದ್ದ ನನಗೆ ಆಕಾಶ ಓಡುವ ವೇಗದಿಂದಲೇ ಅದು ತಿಳಿಯುತ್ತಿತ್ತು.

ತೊಡಕೊಂದಿತ್ತು. ಆ ಗೇರ್ ಬಾಕ್ಸನ್ನು ಮಾಡಿದ್ದು ಸಾಧು ಎಂಜಿನ್ನಿಗೆ. ನಮ್ಮದು ಉಗ್ರ. ಹೆಚ್ಚಿನ ಬಲವೆಲ್ಲ ಒಳಗೆ ಶಾಖವಾಗುತ್ತದೆ, ಶಾಖಕ್ಕೆ ಎಣ್ಣೆ ಸೀಯುತ್ತದೆ, ಎಣ್ಣೆ ಸೀದರೆ ಒಳಗಿನ ಪ್ಲೇಟುಗಳು ಸುಡುತ್ತವೆ. ಇಂಥದ್ದು ಇನ್ನೊಂದು ಸಿಗುವುದಿಲ್ಲವೆಂದು ಗುಜರಿಯವನು ಮೊದಲೇ ಹೇಳಿದ್ದ. ಶಾಖ ಎಂದ ಕೂಡಲೇ ನನಗೆ ಅಧಿಕಾರ ಬಂದಂತಾಯಿತು. ಪಳನಿ ಮುಂಭಾಗದಲ್ಲಿ ಗಾಳಿ ತಗುಲುವಂತೆ ಎಣ್ಣೆಗೆಂದೇ ಒಂದು ಪುಟ್ಟ ರೇಡಿಯೇಟರ್ ಕೂರಿಸಿದ. ನಾನು ಥರ್ಮಾಮೀಟರ್ ಹಾಕಿಸಿ, ನಿಯಮಗಳನ್ನೂ ಮಾಡಿದೆ. ಹೊರಡುವ ಮುನ್ನ ಎಂಜಿನ್ ನಿಧಾನವಾಗಿ ಓಡಿ ಎಣ್ಣೆ ಬೆಚ್ಚಗಾಗಬೇಕು. ಕಾರು ಪೂರ್ತಿ ನಿಲ್ಲದೆ ರಿವರ್ಸ್ ಹಾಕಕೂಡದು. ನ್ಯೂಟ್ರಲ್ಲಿನಲ್ಲಿ ಎಂಜಿನ್ ಕೂಗಿಸಿ ಗೇರಿಗೆ ತಳ್ಳಕೂಡದು. ಉದ್ದ ಏರಿನಲ್ಲಿ ಲಿವರನ್ನು ಕೆಳಗಿನ ಗೇರಿಗೆ ಕಟ್ಟಿಹಾಕಬೇಕು, ಇಲ್ಲದಿದ್ದರೆ ಅದು ಮೇಲೆ ಕೆಳಗೆ ತಡಕಾಡಿ ಬಿಸಿಯಾಗುತ್ತದೆ. ಎಣ್ಣೆ ಕೆಂಪಗಿರಬೇಕು, ಸೀದ ಕಡಲೆಕಾಯಿಯ ವಾಸನೆ ಬಂದರೆ ಆ ಕ್ಷಣವೇ ಬದಲಾಯಿಸಬೇಕು. ಬಾನೆಟ್ ಎತ್ತುವ ಮುನ್ನ ಕೈ ತೊಳೆಯಬೇಕು ಎಂದಾಗ ಮಾತ್ರ ಪಳನಿ ತಡೆಯಲಾರದೆ ಹೋದ.

"ಸಾ, ಇದು ಸೊಪ್ಪು ತಿನ್ನಲ್ಲ. ಮೆಕ್ಯಾನಿಕ್ಕು ಕೈ ತೊಳ್ಕಂಡು ಬಂದ್ರೆ ಗಿರಾಕಿ ಕೆಲಸ ಕೊಡ್ತಾನಾ?"

ಆದರೂ ತೊಳೆದುಕೊಂಡ. ತೊಳೆದ ಮೇಲೆ ಸ್ವಲ್ಪ ಹೊತ್ತು ತನ್ನ ಕೈಯನ್ನು ಪರಕೀಯರ ಕೈಯಂತೆ ನೋಡಿಕೊಂಡ.

ಮೊದಲ ಸಲ ಬೀದಿಗೆ ತಂದಾಗ ಟೀ ಅಂಗಡಿಯವರೆಲ್ಲ ಹೊರಗೆ ಬಂದರು. ಮಾದೇಶ ಬ್ರೇಕಿನಿಂದ ಕಾಲೆತ್ತಿದ; ಕಾರು ತಾನಾಗಿ, ಗರ್ಭಿಣಿ ಹಸುವಿನಂತೆ, ಮೆಲ್ಲಗೆ ನಡೆಯಿತು. ಎಡಗಾಲು ಸುಮ್ಮನಿತ್ತು. ಮಾದೇಶನ ಮುಖವನ್ನು ನಾನು ನೋಡಿದೆ, ಆಮೇಲೆ ಬೇರೆ ಕಡೆ ನೋಡಿದೆ.

ಎರಡು ವರ್ಷ ಚೆನ್ನಾಗಿ ಓಡಿತು. ಆಮೇಲೆ ಬಂಡಳ್ಳಿಯ ಹತ್ತಿರ, ಎಣ್ಣೆಯ ಪೈಪು ಕಾರಿನ ಅಡಿಯ ಚಾಸಿಗೆ ಉಜ್ಜಿ ತೂತಾಗಿ, ಎಣ್ಣೆಯೆಲ್ಲ ರಸ್ತೆ ಪಾಲಾಯಿತು. ಜಮೀನಿನಲ್ಲಿದ್ದವರು ಎತ್ತು, ಹಗ್ಗ ತಂದು ಎಳೆಯಲು ಸಿದ್ಧರಾದರು. ನಾನು ಬೇಡವೆಂದೆ. ಈ ಜಾತಿಯ ಗೇರ್ ಬಾಕ್ಸಿನಲ್ಲಿ ಎಂಜಿನ್ ಓಡದಿದ್ದರೆ ಎಣ್ಣೆ ಹರಿಸುವ ಪಂಪು ಓಡುವುದಿಲ್ಲ. ಹಿಂದಿನ ಚಕ್ರ ಉರುಳಿದರೆ ಒಳಗೆಲ್ಲ ಒಣಗಿಯೇ ತಿರುಗಿ ಸವೆಯುತ್ತದೆ. ಅವರಿಗೆ ಬೇಸರವಾಯಿತು. ತಮ್ಮ ಎತ್ತಿನ ಮೇಲೆ ಅನುಮಾನವೇ ಎಂದು ಒಬ್ಬರು ಕೇಳಿದರು. ಕೊನೆಗೆ ಎಲ್ಲರೂ ಸೇರಿ ಕಾರಿನ ಹಿಂಭಾಗವನ್ನೇ ಎತ್ತಿ ಗಾಡಿಯ ಮೇಲಿಟ್ಟು ಕಟ್ಟಿದರು. ಎತ್ತಿನ ಗಾಡಿಯ ಮೇಲೆ ಬೆನ್ನು ಹೇರಿಕೊಂಡು, ಮುಖ ಹಿಂದೆ ಮಾಡಿ, ಪಂದ್ಯದ ಕಾರು ಹನೂರಿನ ಪೇಟೆ ಪ್ರವೇಶಿಸಿತು. ಅಷ್ಟು ಜನ ನನ್ನ ಮದುವೆಯ ಮೆರವಣಿಗೆಗೂ ಬಂದಿರಲಿಲ್ಲ.

ಆ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಒಂಟಿ ಕಾಲಿನ ಮಗ ಕಾಡಂಚಿನ ರಸ್ತೆಯಲ್ಲಿ ಕೆಟ್ಟ ಕಾರಿನ ಜೊತೆ ಇರುಳಾಗುವತನಕ ನಿಂತಿದ್ದರೆ ಏನು ಗತಿ ಎಂಬುದು ಅವರ ಪ್ರಶ್ನೆ. ಎಂಜಿನ್ನಿಗಾಗಿಯೇ ಕಾರನ್ನು ಕೊಳ್ಳಲು ಮೈಸೂರಿನವರೊಬ್ಬರು ಕೇಳುತ್ತಿದ್ದರು. ಕೊಟ್ಟುಬಿಡು ಎಂದರು ಅತ್ತೆ. ಮಾದೇಶ ಊಟ ಬಿಟ್ಟ. ಎರಡು ದಿನದ ಮೇಲೆ ದೇವರ ಪಟದ ಮುಂದೆ ತಾಯಿಯ ತಲೆ ಮುಟ್ಟಿ ಆಣೆ ಮಾಡಿದ.

"ಅವ್ವ, ನಿನ್ನ ಕೂರಿಸ್ಕಂಡು ಮಾದಪ್ಪನ ಬೆಟ್ಟ ಹತ್ತಿ ಇಳೀತೀನಿ. ನಡುವೆ ಕೆಟ್ಟು ನಿಂತ್ರೆ ಗಾಡಿ ಮಾರ್ಬುಡ್ತೀನಿ. ಆಮೇಲೆ ಸ್ಟೇರಿಂಗ್ ಮುಟ್ಟಲ್ಲ."

ಪಳನಿ, ಮಾದೇಶ ಸೇರಿ ಗೇರ್ ಬಾಕ್ಸನ್ನು ಇಳಿಸಿ, ಬಿಚ್ಚಿ, ಒರೆಸಿ, ಹೊಸ ಪೈಪು ಹಾಕಿ ಕಟ್ಟಿದರು. ಆ ವಾರ ನಾನು ಕಚೇರಿಯ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ. ಬಂದು ನೋಡಿದಾಗ ಎಲ್ಲ ಮುಚ್ಚಿಯಾಗಿತ್ತು. ಹೀಗೆ ಆ ಗುರುವಾರ ಬಂತು.

ಐದೂವರೆಗೆ ಎಂಜಿನ್ ಶುರು. ಎಣ್ಣೆ ಬೆಚ್ಚಗಾದ ಮೇಲೆ, ಎಂಜಿನ್ ಓಡುತ್ತಿರುವಂತೆಯೇ, ಅಳತೆ ಕಡ್ಡಿ ಎಳೆದು ನೋಡಿದೆವು. ಮಟ್ಟ ಸರಿ, ಬಣ್ಣ ಸರಿ. ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ಅಭಿಷೇಕಕ್ಕೆ ಮನೆಯ ಹಸುವಿನ ಹಾಲು ತುಂಬಿದ ಸ್ಟೀಲಿನ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹೊಚ್ಚ ಹೊಸ ಪಾತ್ರೆ. ನಾನು ಅವರ ಪಕ್ಕ, ರೇಷ್ಮೆ ಶಲ್ಯ ಹೊದ್ದು. ಪಳನಿ ಮುಂದೆ, ಥರ್ಮಾಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟು. ಹನೂರು ದಾಟಿತು, ಕೌದಳ್ಳಿ ದಾಟಿತು. ಬೆಟ್ಟದ ಬುಡದ ತಾಳಬೆಟ್ಟದಲ್ಲಿ ನಡೆದು ಹತ್ತುವ ಭಕ್ತರು ಮೆಟ್ಟಿಲು ಮುಟ್ಟಿ ನಮಸ್ಕರಿಸುತ್ತಿದ್ದರು. ಮಾದೇಶ ಕಾರು ನಿಲ್ಲಿಸಿ, ಕೂತಲ್ಲಿಂದಲೇ ಕೈ ಮುಗಿದು, ಲಿವರನ್ನು ಕೆಳಗಿನ ಗೇರಿಗೆ ಎಳೆದ.

ಆ ಘಾಟಿಯನ್ನು ಬಸ್ಸಿನಲ್ಲಿ ಬಹಳ ಸಲ ಹತ್ತಿದ್ದೇನೆ. ಅಂದು ಹತ್ತಿದಂತೆ ಹತ್ತಿಲ್ಲ. ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಮೇಲಿನಿಂದ ಬಾಗಿ ನೋಡುತ್ತಿತ್ತು. ಬಿದಿರು ಮೆಳೆಯ ನಡುವೆ ಮಂಜು ಇನ್ನೂ ಎದ್ದಿರಲಿಲ್ಲ. ಎಂಜಿನ್ನಿನ ಸದ್ದು ಕಣಿವೆಗೆ ಹೋಗಿ ಆಚೆ ಬೆಟ್ಟದಿಂದ ತಿರುಗಿ ಬರುತ್ತಿತ್ತು, ನಮ್ಮಂಥದೇ ಇನ್ನೊಂದು ಕಾರು ಅಲ್ಲಿ ಹತ್ತುತ್ತಿರುವಂತೆ. ಬಸ್ಸುಗಳು ಗೇರು ಬದಲಿಸಲು ಏದುಸಿರು ಬಿಡುವ ಜಾಗಗಳಲ್ಲಿ ನಮ್ಮದು ಉಸಿರೇ ಬದಲಿಸದೆ ಏರಿತು. ಸೀಟಿನ ಕೆಳಗೆ ಆ ಸಣ್ಣ ಕವಾಟಗಳು ಎಣ್ಣೆಯ ದಾರಿ ತೆರೆದು ಮುಚ್ಚುತ್ತಿರುವುದನ್ನು ನೆನೆದು ನನಗೆ ಮೈ ಜುಮ್ಮೆಂದಿತು.

ಬೆಟ್ಟ ಮುಕ್ಕಾಲು ಪಾಲು ಹತ್ತಿದ್ದಿರಬೇಕು. ಒಂದು ತಿರುವಿನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಕಿರುಚಿತು. ಕಾರು ಮಾತ್ರ ಕೇಳಿಸಿಕೊಳ್ಳಲಿಲ್ಲ. ಗೇರು ಮತ್ತೆ ಹಿಡಿಯಿತು. ಮತ್ತೆ ಜಾರಿತು. ಪಳನಿ ಮುಳ್ಳನ್ನು ನೋಡಿ, ಏರ್ತಾ ಅದೆ ಎಂದ.

ಮಾದೇಶನ ಮುಂದಿದ್ದುದು ಎರಡೇ ದಾರಿ, ಅದು ಕಾರಿನಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಒತ್ತಿ ಹೊಡೆದರೆ ಉಳಿದ ತಿರುವುಗಳನ್ನು ಹೇಗೋ ಹತ್ತಿ ಆಣೆ ಉಳಿಸಿಕೊಳ್ಳಬಹುದು. ಪ್ಲೇಟು ಸುಟ್ಟು ಗೇರ್ ಬಾಕ್ಸ್ ಅಲ್ಲಿಗೆ ಮುಗಿಯುತ್ತದೆ. ನಿಲ್ಲಿಸಿದರೆ ಗೇರ್ ಬಾಕ್ಸ್ ಉಳಿದೀತು, ಆಣೆ ಹೋಗುತ್ತದೆ. ಹಳೆಯ ಮಾದೇಶನಾಗಿದ್ದರೆ ಒತ್ತುತ್ತಿದ್ದ. ಅವನ ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಅಲುಗಿದ್ದನ್ನು ಇಬ್ಬರ ಸೀಟಿನ ನಡುವಿನಿಂದ ಕಂಡೆ. ತಿರುವಿನ ಪಕ್ಕದಲ್ಲಿ ಒಂದಿಷ್ಟು ಸಮ ಜಾಗವಿತ್ತು. ಅಲ್ಲಿಗೆ ತಂದು ನಿಲ್ಲಿಸಿದ.

ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟೆವು. ಕಡ್ಡಿ ಎಳೆದು ಮೂಸಿದೆ. ಬಿಸಿಯಿತ್ತು, ಸೀದಿರಲಿಲ್ಲ. ಬಣ್ಣ ಕೆಂಪೇ. ಸುಟ್ಟಿಲ್ಲವೆಂದರೆ ಎಣ್ಣೆ ಸರಿಯಾಗಿ ಹರಿಯುತ್ತಿಲ್ಲ, ಎಲ್ಲೋ ಏನೋ ಅಡ್ಡ ಬಂದಿದೆ ಎಂದೆ. ಪಳನಿಗೂ ಹಾಗೇ ಅನಿಸಿತ್ತು. ಅಡಿಯ ತಟ್ಟೆ ಬಿಚ್ಚಿದರೆ ಎಣ್ಣೆ ಸೋಸುವ ಜಾಲರಿ ಕಾಣುತ್ತದೆ. ಆದರೆ ಬಿಚ್ಚಿದರೆ ಎಣ್ಣೆ ಸುರಿಯುತ್ತದೆ. ಈ ಎಣ್ಣೆ ಬೆಟ್ಟದ ಮೇಲೂ ಸಿಗದು, ಕೆಳಗೂ ಸಿಗದು. ಹಿಡಿಯಲು ದೊಡ್ಡದೊಂದು ಪಾತ್ರೆ ಬೇಕು, ಧೂಳಿಲ್ಲದ್ದು.

ಮೂವರೂ ಅತ್ತೆಯ ತೊಡೆಯ ಮೇಲಿನ ಪಾತ್ರೆಯನ್ನು ನೋಡಲಿಲ್ಲ. ನೋಡದಿರಲು ಬಹಳ ಕಷ್ಟಪಟ್ಟೆವು. ಮಾದೇಶ ಬಂಡೆಗೆ ಒರಗಿ ನಿಂತಿದ್ದ.

"ಬುಡಿ ಬಾವ. ನಿಂತೋಯ್ತಲ್ಲ. ಮೈಸೂರಿನವ್ರಿಗೆ ಯೋಳ್ಕಳ್ಸಿ."

ಅತ್ತೆ ಕಾರಿನಿಂದ ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಟ್ಟದ ಮಗ್ಗುಲಲ್ಲಿ ಎದ್ದಿದ್ದ ಒಂದು ಬಂಡೆಯ ಮುಂದೆ ನಿಂತು, ಪಾತ್ರೆ ಎತ್ತಿ, ಅಷ್ಟೂ ಹಾಲನ್ನು ಅದರ ನೆತ್ತಿಯ ಮೇಲೆ ಸುರಿದರು. ಹಾಲು ಕಪ್ಪು ಕಲ್ಲಿನ ಮೇಲೆ ಹರಡಿ, ಬಿರುಕುಗಳ ದಾರಿ ಹಿಡಿದು, ಬುಡದ ಹುಲ್ಲಿಗೆ ಇಳಿಯಿತು.

"ಬೆಟ್ಟವೆಲ್ಲಾ ಮಾದಪ್ಪಂದೇಯ. ಅಲ್ಲಿ ಉಯ್ದ್ರೂ ಒಂದೇ, ಇಲ್ಲಿ ಉಯ್ದ್ರೂ ಒಂದೇ. ತಕಳಿ ಅಳೀಮಯ್ಯ, ಒರೆಸ್ಕಳಿ."

ಆಮೇಲೆ ಮಗನ ಕಡೆ ತಿರುಗಿದರು.

"ಲೇ ಮಾದೇಸ. ಕೆಟ್ಟು ನಿಂತ್ರೆ ಅಂತ ತಾನೇ ನೀನು ಅಂದಿದ್ದು? ಇದು ಇನ್ನೂ ಓಯ್ತಾ ಇತ್ತು. ಕೆಡಬಾರ್ದು ಅಂತ ನೀನೇ ನಿಲ್ಲಿಸ್ದೆ, ಕಂಡೆ ನಾನು. ಚಿಕ್ಕುಡುಗನಿಂದ ನೋಡಿವ್ನಿ, ಯಾವತ್ತು ನಿಲ್ಲಿಸಿದ್ದೆ ನೀನು? ಇವತ್ತು ಕಾಲೆತ್ತಿದ್ಯಲ್ಲ, ಅಷ್ಟು ಸಾಕು ಕಣ್ಲಾ ನಂಗೆ."

ಮಾದೇಶ ಮುಖ ತಿರುಗಿಸಿ ಕಣಿವೆ ನೋಡತೊಡಗಿದ.

ಪಾತ್ರೆಯನ್ನು ನನ್ನ ಶಲ್ಯದಿಂದ ಒರೆಸಿದೆ. ಪಳನಿ ಕಾರಿನಡಿ ನುಸುಳಿದ. ಎಣ್ಣೆ ಕೆಂಪಗೆ, ಆವಿಯಾಡುತ್ತಾ ಪಾತ್ರೆಗೆ ಇಳಿಯಿತು. ಜಾಲರಿ ಹೊರಗೆ ಬಂತು; ಅದರ ಕಣ್ಣುಗಳ ಮೇಲೆ ಬಿಳಿಯ ನವಿರು ಕಂಬಳಿ ಹೊದಿಸಿದಂತೆ ಏನೋ ಕಟ್ಟಿತ್ತು. ಪಳನಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ, ಗುರುತು ಹತ್ತಲಿಲ್ಲ. ನಾನು ಉಗುರಿನಿಂದ ಒಂದು ತುದಿ ಹಿಡಿದು ಎಳೆದೆ. ಬಂತು. ಇನ್ನೂ ಬಂತು. ಕೈ ಚಾಚುವಷ್ಟು ಎಳೆದರೂ ತುಂಡಾಗದೆ ಬರುತ್ತಲೇ ಇತ್ತು. ಜಗತ್ತಿನಲ್ಲಿ ಹಾಗೆ ಬರುವ ಎಳೆ ಒಂದೇ. ನನ್ನ ಜೀವನವೆಲ್ಲ ಅದರ ಸುತ್ತಲೇ ಕಳೆದಿದೆ.

ನಡೆದದ್ದು ಇಷ್ಟು. ಅತ್ತೆಯ ಮನೆಯಲ್ಲಿ ನೂಲು ತೆಗೆಯುವ ಚರಕಗಳಿವೆ. ಗೇರ್ ಬಾಕ್ಸ್ ಬಿಚ್ಚಿದ ದಿನ, ಹತ್ತಿಯ ಬಟ್ಟೆಯಲ್ಲಿ ಒರೆಸಿದರೆ ನಾರು ಬಿಡುತ್ತದೆಂದು ಪಳನಿ ಗೊಣಗುತ್ತಿದ್ದ. ಅತ್ತೆ ಒಳಗಿನಿಂದ ನೂಲು ತೆಗೆದುಳಿದ ರೇಷ್ಮೆ ವೇಸ್ಟನ್ನು, ಬೆಳ್ಳಗಿನ ಒಳ್ಳೆಯದನ್ನೇ ಆರಿಸಿ, ಒಂದು ಬುಟ್ಟಿ ತಂದು ಕೊಟ್ಟಿದ್ದರು. ಮಗನ ಗಾಡಿಗೆ ಹತ್ತಿಯೇಕೆ, ನುಣ್ಣನೆಯ ರೇಷ್ಮೆ ಇರುವಾಗ? ನೇಯ್ದ ರೇಷ್ಮೆ ಎಳೆ ಬಿಡುವುದಿಲ್ಲ. ನೇಯದ ವೇಸ್ಟು ಬಿಡುವುದು ಎಳೆಯನ್ನೇ. ಕೊಳ್ಳೇಗಾಲದಲ್ಲಲ್ಲದೆ ಬೇರೆಲ್ಲೂ ಯಾರೂ ಗೇರ್ ಬಾಕ್ಸಿನ ಹೊಟ್ಟೆಯನ್ನು ರೇಷ್ಮೆಯಲ್ಲಿ ಒರೆಸಿರಲಾರರು.

ಅತ್ತೆ ಎಳೆಯ ತುದಿಯನ್ನು ಬೆರಳಲ್ಲಿ ಹೊಸೆದು ನೋಡಿದರು. ತಮ್ಮ ಮನೆಯದೇ ಎಂದರು. ಜಾಲರಿಯನ್ನು ಮಡಿಲಲ್ಲಿಟ್ಟುಕೊಂಡು, ಬಂಡೆಯ ಮೇಲೆ ಕೂತು, ಚರಕದ ಮುಂದೆ ಕೂರುವ ಹಾಗೆಯೇ, ಎಳೆಯನ್ನು ಒಂದೊಂದಾಗಿ ತೆಗೆಯತೊಡಗಿದರು. ನಮ್ಮ ಮೂವರ ಒರಟು ಬೆರಳಿಗೆ ಅದು ಆಗುತ್ತಿರಲಿಲ್ಲ. ಬಿಸಿಲು ಏರಿತು. ನಡೆದು ಬರುತ್ತಿದ್ದ ಭಕ್ತರು ನಿಂತು ನೋಡಿ, ಯಾವ ಹರಕೆಯೆಂದು ತಿಳಿಯದೆ, ಉಘೇ ಮಾದಪ್ಪ ಎಂದು ಮುಂದೆ ನಡೆದರು.

ಜಾಲರಿ ಕೂರಿಸಿ, ತಟ್ಟೆ ಬಿಗಿದು, ಎಣ್ಣೆಯನ್ನು ಶಲ್ಯದ ಒಣ ತುದಿಯಲ್ಲಿ ಸೋಸಿ ಮತ್ತೆ ಹೊಯ್ದೆವು. ಅದು ನನ್ನ ಮದುವೆಯ ಶಲ್ಯ. ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತಾ ಹಿಂಡಿದೆ. ಎಂಜಿನ್ ಶುರುವಾಯಿತು. ಮಾದೇಶ ಅವಸರಪಡಲಿಲ್ಲ. ಎಣ್ಣೆ ಒಳಗೆಲ್ಲ ಸುತ್ತಿ ಬರಲೆಂದು ಲಿವರನ್ನು ಒಂದೊಂದು ಮನೆಯಲ್ಲೂ ಸ್ವಲ್ಪ ಹೊತ್ತು ನಿಲ್ಲಿಸಿದ. ಆಮೇಲೆ ಬ್ರೇಕಿನಿಂದ ಕಾಲೆತ್ತಿದ. ಆ ಕಡಿದಾದ ಏರಿನಲ್ಲಿ, ಯಾರೋ ಹಿಂದಿನಿಂದ ಅಂಗೈ ಕೊಟ್ಟು ನೂಕಿದಂತೆ, ಕಾರು ಮೇಲಕ್ಕೆ ಹೊರಟಿತು. ನನಗೆ ಕಣ್ಣು ಮಂಜಾಯಿತು. ಪಳನಿ ಥರ್ಮಾಮೀಟರ್ ನೋಡುವುದನ್ನು ಮರೆತು ಕೈ ಮುಗಿದಿದ್ದ.

ದರ್ಶನವಾಯಿತು. ಇಳಿಯುವಾಗ ಅತ್ತೆ ಹಿಂದಿನಿಂದ ಸಲಹೆ ಕೊಟ್ಟರು. ನಮ್ಮ ಕಡೆಯ ಜೀಪಿನವರು ಎಂಜಿನ್ ಆರಿಸಿ, ನ್ಯೂಟ್ರಲ್ ಹಾಕಿ, ಮಾದಪ್ಪನ ಮೇಲೆ ಭಾರ ಹಾಕಿ ಬೆಟ್ಟ ಇಳಿಯುತ್ತಾರೆ, ಪೆಟ್ರೋಲ್ ಉಳಿಯುತ್ತದೆ. ಹಾಗೆ ಮಾಡಿದರೆ ಇದರ ಪಂಪು ನಿಂತು ಒಳಗೆಲ್ಲ ಒಣಗಿ ಹಾಳಾಗುತ್ತದೆಂದು ಮಾದೇಶ ವಿವರಿಸಿದ. ಕೆಳಗಿನ ಗೇರಿನಲ್ಲಿ, ಎಂಜಿನ್ ಗುರುಗುಡುತ್ತಾ, ಇಳಿದೆವು. ಒಂದು ಜೀಪು ಸದ್ದಿಲ್ಲದೆ ನಮ್ಮನ್ನು ದಾಟಿ ಜಾರಿ ಹೋದಾಗ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಅದರ ಡ್ರೈವರನ್ನು ಬೈದರು.

ದೀಪ ಹಚ್ಚುವ ಹೊತ್ತಿಗೆ ಮನೆ. ಮಾದೇಶ ಕಾರನ್ನು ಪೂರ್ತಿ ನಿಲ್ಲಿಸಿ, ರಿವರ್ಸ್ ಹಾಕಿ, ಷೆಡ್ಡಿಗೆ ಹಿಂದಕ್ಕೆ ಬಿಟ್ಟ. ಕಡ್ಡಿ ನೋಡಿದೆವು, ಮಟ್ಟ ಸರಿ. ಪಳನಿ ಹನೂರಿನ ಬಸ್ಸಿಗೆ ಓಡಿದ. ಅತ್ತೆ ಹಿತ್ತಲಲ್ಲಿ ಕೂತು ಪಾತ್ರೆಯನ್ನು ಸೀಗೆಪುಡಿಯಲ್ಲಿ ತಿಕ್ಕಿದರು, ಬೂದಿಯಲ್ಲಿ ತಿಕ್ಕಿದರು, ಹುಣಸೆಹಣ್ಣಿನಲ್ಲಿ ತಿಕ್ಕಿದರು. ಎಣ್ಣೆಯ ಜಿಡ್ಡು ಹೋಯಿತು, ಹೋದ ಮೇಲೂ ದೀಪದ ಹತ್ತಿರ ಹಿಡಿದು ನೋಡಿದರು.

"ಇದ್ರಲ್ಲಿನ್ನು ಹಾಲು ಕಾಯ್ಸಕ್ಕಾಗಲ್ಲ. ಗಾಡಿಗೇ ಇರ್ಲಿ."

ಎದ್ದು ಷೆಡ್ಡಿಗೆ ಹೋದರು. ಹಲಗೆಯ ಮೇಲಿನ ಸ್ಪ್ಯಾನರುಗಳನ್ನು ಒಂದು ಪಕ್ಕಕ್ಕೆ ಸರಿಸಿ, ಅಲ್ಲಿ ಸೆರಗಿನಿಂದ ಧೂಳು ಒರೆಸಿ, ಪಾತ್ರೆಯನ್ನು ಬೋರಲು ಹಾಕಿದರು. ಸೋಮವಾರ ಯಳಂದೂರಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಗಾಡಿ ತೆಗೆಯುತ್ತೀಯ ಎಂದು ಮಗನನ್ನು ಕೇಳಿದರು. ಅವನು ಹೇಳಿದ ಹೊತ್ತನ್ನು ಕೇಳಿಕೊಂಡು, ಷೆಡ್ಡಿನ ಬಾಗಿಲೆಳೆದು ಚಿಲಕ ಹಾಕಿದರು.